ವಾಸನೆಯಿಲ್ಲದ ಮದ್ದು

ಹದಿನೆಂಟು ವರ್ಷ ಆಸ್ಪತ್ರೆಯ ಬಟ್ಟೆ ಒಗೆದ ಲಾಂಡ್ರಿಯಾಕೆಗೆ ಬ್ಲೀಚ್ ವಾಸನೆಯನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಹಲ್ಲಿನ ಬೇರಿನ ಚಿಕಿತ್ಸೆಯ ಮೊದಲ ದಿನ ಡಾಕ್ಟರು ಬಾಯಿಗೆ ರಬ್ಬರ್ ಹಾಳೆ ಬಿಗಿದು, ತೆಳು ಸೂಜಿಯಿಂದ ಹಲ್ಲಿನೊಳಗೆ ಮದ್ದು ಬಿಟ್ಟಾಗ ಅದೇ ಘಾಟು ಮೂಗಿಗೆ ಬಡಿದಿತ್ತು.

"ಎಷ್ಟು ಕೆರೆದ್ರೂ ಮೂಲೆಮುಡುಕು ಸಿಗಲ್ಲಮ್ಮ. ಕೊಳೆತದ್ದನ್ನ ಇದೇ ಕರಗಿಸಬೇಕು" ಎಂದಿದ್ದರು.

ಎರಡನೆಯ ಸಲ ಘಾಟಿರಲಿಲ್ಲ. ತನ್ನ ಮೂಗೇ ಕಟ್ಟಿರಬೇಕೆಂದು ಸುಮ್ಮನಾದಳು. ಆದರೆ ನೋವು ಮರುಕಳಿಸಿತು. ಮೂರನೆಯ ಸಲವೂ ವಾಸನೆಯಿಲ್ಲ. ಬೆಳಿಗ್ಗೆಯಷ್ಟೇ ಕೆಲಸದಲ್ಲಿ ಬ್ಲೀಚ್ ಡಬ್ಬ ತೆರೆದಾಗ ಘಾಟು ಮೂಗಿಗೆ ಬಡಿದು ಅವಳ ಕಣ್ಣಲ್ಲಿ ನೀರು ಬಂದಿತ್ತು; ಮೂಗು ಕಟ್ಟಿರಲಿಲ್ಲ. ಸಹಾಯಕ್ಕಿದ್ದ ಡಾಕ್ಟರ ಅಕ್ಕ ಬೆನ್ನು ತಿರುಗಿಸಿ ಸಿರಿಂಜ್ ತುಂಬುತ್ತಿದ್ದಳು. ಬರೀ ನೀರು ಬಿಟ್ಟು ಕೈತೊಳೆದುಕೊಳ್ಳುತ್ತಿದ್ದಾರೆಯೇ?

ಅವಳು ಕೈ ಎತ್ತಿದಳು. ಡಾಕ್ಟರು ಹಾಳೆ ತೆಗೆದರು.

"ಏನ್ ಬಿಡ್ತಿದೀರ ಡಾಕ್ಟ್ರೇ?"

"ಅದೇ ಮದ್ದಮ್ಮ."

"ವಾಸನೆ ಎಲ್ಲಿ? ನೀವೇ ಮೂಸಿ ನೋಡಿ."

ಅವರು ಮಾಸ್ಕ್ ಇಳಿಸಿ ಮೂಸಿದರು. "ಇದೆಯಲ್ಲ, ಚೆನ್ನಾಗೇ ಘಾಟಿದೆ."

ಅವಳು ಸಿರಿಂಜ್ ತೆಗೆದುಕೊಂಡು ತನ್ನ ನೀಲಿ ಯೂನಿಫಾರ್ಮಿನ ತೋಳಿಗೆ ನಾಲ್ಕು ಹನಿ ಬಿಟ್ಟಳು. "ಮದ್ದೇ ಆದ್ರೆ ಬಣ್ಣ ತಿನ್ನುತ್ತೆ."

ಮೂವರೂ ಆ ತೋಳನ್ನೇ ನೋಡುತ್ತ ಕಾದರು. ನೀಲಿ ನೀಲಿಯಾಗಿಯೇ ಉಳಿಯಿತು.

ಅಕ್ಕನ ಮುಖ ಬಿಳುಚಿಕೊಂಡಿತು. "ಉಪ್ಪುನೀರಿನ ಬಾಟಲಿಯಿಂದ ತುಂಬಿಬಿಟ್ಟಿದೀನಿ. ಎರಡೂ ನೋಡೋಕೆ ಒಂದೇ ಥರ. ಇವನು ಮೊದಲೆಲ್ಲ ಮೂಸಿ ನೋಡೇ ಹಾಕ್ತಿದ್ದ. ಹೋದ ತಿಂಗಳು ಜ್ವರ ಬಂದಾಗಿಂದ ಇವನಿಗೆ ವಾಸನೆನೇ ಗೊತ್ತಾಗಲ್ಲ."

"ಅಕ್ಕಾ" ಎಂದರು ಡಾಕ್ಟರು. ಆಮೇಲೆ ತಲೆತಗ್ಗಿಸಿ, "ಸುಳ್ಳು ಹೇಳ್ದೆ ಕಣಮ್ಮ. ಗೊತ್ತಾದ್ರೆ ಯಾರು ಬರ್ತಾರೆ ನನ್ನ ಹತ್ರ?"

ಎದ್ದು ಹೋಗೋಣವೆನಿಸಿತು. ಆದರೆ ಹಲ್ಲು ಬಾಯಿಬಿಟ್ಟುಕೊಂಡಿತ್ತು. "ನನ್ನ ಕಣ್ಮುಂದೆ ಹೊಸ ಬಾಟಲಿ ತೆಗೀರಿ" ಎಂದಳು. ತೆಗೆದರು. ಘಾಟು ಹರಡಿತು. ಹಾಳೆ ಮತ್ತೆ ಬಿಗಿದು ಅರ್ಧ ಗಂಟೆ ತೊಳೆದರು. ಅಷ್ಟು ಹೊತ್ತೂ ಅವಳು ಅವರ ಕೈಯಿಂದ ಕಣ್ಣು ಕೀಳಲಿಲ್ಲ.

ವಾರದಲ್ಲಿ ನೋವು ಇಳಿಯಿತು. ಹಲ್ಲಿಗೆ ಕ್ಯಾಪ್ ಹಾಕಿಸಲು ಬಂದಾಗ ಹೊರಗಿನ ಬೆಂಚು ತುಂಬಿತ್ತು. ಜ್ವರದ ನಂತರ ಚಿಕಿತ್ಸೆ ಪಡೆದವರಿಗೆಲ್ಲ ಡಾಕ್ಟರೇ ಫೋನ್ ಮಾಡಿ, ತಪ್ಪು ಒಪ್ಪಿಕೊಂಡು, ಮತ್ತೆ ಕರೆಸಿದ್ದರಂತೆ.

ಪಕ್ಕದಲ್ಲಿದ್ದ ಮುದುಕ ಪಿಸುಗುಟ್ಟಿದ. "ಇವರನ್ನ ನಂಬಬಹುದೇನಮ್ಮ?"

ಅವಳು ತುಸು ಯೋಚಿಸಿದಳು. "ಕೆಲಸ ಬರುತ್ತೆ. ಆದ್ರೂ ಏನ್ ಹಾಕ್ತಿದೀರ ಅಂತ ಕೇಳ್ತಾನೇ ಇರಿ."