ಬೇಕು, ಬೇಡ

ಇಸ್ತ್ರಿ ಅಂಗಡಿಯವನ ಹೆಂಡತಿ ಮದುವೆಯಾಗಿ ಬಹಳ ವರ್ಷಗಳ ಮೇಲೆ ಬಸುರಾದಳು. ಸಂಭ್ರಮ ಮನೆಯೊಳಗೆ ಇನ್ನೂ ಕಾಲೂರಿರಲಿಲ್ಲ, ಪರೀಕ್ಷೆಯ ವರದಿ ಬಂತು. ಹುಟ್ಟುವ ಮಗುವಿಗೆ ಡೌನ್ ಸಿಂಡ್ರೋಮ್.

ಹಾಗೆಂದರೇನೆಂದು ಯಾರೂ ಅವನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಅವನ ಅಣ್ಣನೂ ಅಂಥವನೇ. ಅಂಗಡಿಯಲ್ಲಿ ಬಟ್ಟೆ ಮಡಿಸುವುದು ಅಣ್ಣನ ಕೆಲಸ. ಒಂದು ಕಾಲರ್ ಸೊಟ್ಟಗಿದ್ದರೂ ಇಡೀ ಗಂಟು ಬಿಚ್ಚಿ ಮೊದಲಿಂದ ಶುರುಮಾಡುವವನು, ಗಿರಾಕಿ ಬಾಗಿಲಲ್ಲಿ ತಪಸ್ಸು ಮಾಡಿದರೂ ಸರಿಯೇ. ಅಮ್ಮ ತೀರಿಕೊಂಡ ಮೇಲೆ ಅವನ ಮಾತ್ರೆ, ಮುನಿಸು ಎಲ್ಲ ತಮ್ಮನ ಪಾಲಿಗೆ ಬಂದಿದ್ದವು.

"ಬೇಡ," ಎಂದ ಅವನು ಮನೆಯಲ್ಲಿ ಹೆಂಡತಿಗೆ. "ಅಣ್ಣನಿಗಾಗಿ ಅಮ್ಮ ಜೀವ ತೇಯ್ದಿದ್ದನ್ನ ಕಣ್ಣಾರೆ ಕಂಡಿದ್ದೀನಿ. ನಮ್ಮ ಕಾಲ ಆದ್ಮೇಲೆ ಈ ಮಗೂನ ಯಾರು ನೋಡ್ತಾರೆ?"

"ಭಾವನ್ನ ನಾವು ನೋಡ್ಕೊಳ್ತಿಲ್ವಾ? ನನಗೆ ಬೇಕು ರೀ."

ಬಾಗಿಲಲ್ಲಿ ಅಣ್ಣ ಖಾಲಿ ತಟ್ಟೆ ಹಿಡಿದು ನಿಂತಿದ್ದ. ಎಷ್ಟು ಕೇಳಿಸಿತೋ, ಎಷ್ಟು ತಿಳಿಯಿತೋ. "ಹಸಿವು," ಎಂದನಷ್ಟೆ. ತಮ್ಮ ಅವನಿಗೆ ಬಡಿಸಿ ತಾನೂ ಊಟಕ್ಕೆ ಕೂತ. ಮಗು ಬೇಡವೆಂದರೆ ಅಣ್ಣನನ್ನೇ ಬೇಡವೆಂದಂತೆಯೇ? ಅಲ್ಲ ಎನ್ನಿಸಿತು, ಕೈ ತೊಳೆಯುವಷ್ಟರಲ್ಲಿ ಹೌದು ಎನ್ನಿಸಿತು.

ಮರುವಾರ ಆಸ್ಪತ್ರೆಯಲ್ಲಿ ಡಾಕ್ಟರಮ್ಮ, "ಏನು ಯೋಚನೆ ಮಾಡಿದ್ರಿ?" ಎಂದು ಕೇಳಿದರು.

"ಮಗು ಇರಲಿ ಡಾಕ್ಟ್ರೇ," ಎಂದ ಗಂಡ.

"ಬೇಡ ಡಾಕ್ಟ್ರೇ," ಎಂದಳು ಹೆಂಡತಿ, ಅವನ ಮಾತಿನ ಬೆನ್ನಿಗೇ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಅವಳಿಗಾಗಿ ಇವನು ಸೋತಿದ್ದ, ಇವನಿಗಾಗಿ ಅವಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಇದಕ್ಕೆ ಸರಿ ಉತ್ತರ ನನ್ನ ಹತ್ರಾನೂ ಇಲ್ಲ. ಇನ್ನೂ ಸಮಯ ಇದೆ, ಮಾತಾಡ್ಕೊಂಡು ಬನ್ನಿ."

ಹೊರಗಿನ ಬೆಂಚಿನಲ್ಲಿ ಕೂತು ಅವನು ಕೇಳಿದ: "ನಿನಗೆ ಬೇಕಿತ್ತಲ್ಲ?"

"ಈಗ ಗೊತ್ತಾಗ್ತಿಲ್ಲ. ನಿಮಗೆ ಬೇಡವಾಗಿತ್ತಲ್ಲ?"

"ನನಗೂ ಗೊತ್ತಾಗ್ತಿಲ್ಲ."

ಮಾತು ಅಲ್ಲಿ ಮುಗಿಯಲಿಲ್ಲ, ಮನೆಯಲ್ಲೂ ಮುಗಿಯಲಿಲ್ಲ. ಒಂದು ಬೆಳಗ್ಗೆ ಅಂಗಿಗೆ ನೀರು ಚಿಮುಕಿಸುತ್ತ ಅವಳೇ, "ಹೆರ್ತೀನಿ," ಎಂದಳು. "ಹೂಂ," ಎಂದ ಅವನು. ಕಾರಣ ಕೇಳಲಿಲ್ಲ. ಕೇಳಿದರೆ ಅವಳ ಮನಸ್ಸು ಮತ್ತೆ ತಿರುಗೀತೆಂಬ ಭಯ. ತಿರುಗಲಿ ಎಂಬ ಆಸೆಯೂ ಒಳಗೆಲ್ಲೋ ಇತ್ತೋ ಏನೋ.

ಹೆಣ್ಣುಮಗು ಹುಟ್ಟಿತು. ನೋಡಲು ಬಂದವರು "ದೊಡ್ಡ ಧೈರ್ಯ ಮಾಡಿದ್ರಿ" ಎನ್ನುತ್ತಾರೆ. ಅವನು ತಲೆಯಾಡಿಸುತ್ತಾನೆ. ಧೈರ್ಯವೋ, ಒಬ್ಬರಿಗೊಬ್ಬರು ಸೋತದ್ದೋ, ಅವನಿಗೆ ಇಂದಿಗೂ ಬಗೆಹರಿದಿಲ್ಲ. ಮಗು ಅತ್ತರೆ ಅಣ್ಣ ಕಿವಿ ಮುಚ್ಚಿಕೊಂಡು ಬೀದಿಗೆ ಓಡುತ್ತಾನೆ. ಮಗುವನ್ನೆತ್ತಿಕೊಂಡ ತಮ್ಮ, ಯಾರನ್ನು ಮೊದಲು ಸಮಾಧಾನ ಮಾಡಬೇಕೆಂದು ತೋಚದೆ ಹೊಸ್ತಿಲಲ್ಲಿ ನಿಂತುಬಿಡುತ್ತಾನೆ.