ಜೋಡಿ ಪೈಪಿನ ಕೋವಿ

ಇವರ ಕೈಗೆ ಮೊದಲ ಸಲ ಸುತ್ತಿಗೆ ಕೊಟ್ಟವರು ಯಾರೋ ಗೊತ್ತಿಲ್ಲ. ಸಿಕ್ಕಿದರೆ ಅವರಿಗೆ ನಾನು ಎರಡು ಮಾತು ಹೇಳುವುದಿದೆ. ಇವರು ಎಂದರೆ ನನ್ನ ಯಜಮಾನರು, ಕುಟ್ಟಪ್ಪ. ಊರಲ್ಲಿ ಯಾರನ್ನು ಕೇಳಿದರೂ ಒಳ್ಳೆಯ ಮನುಷ್ಯ ಅನ್ನುತ್ತಾರೆ. ಒಳ್ಳೆಯವರೇ, ನಾನೇನು ಇಲ್ಲ ಅಂದೆನಾ? ಆದರೆ ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡಿಗೆ ಒಮ್ಮೆ ಹೋಗಿ ಬನ್ನಿ, ಆಮೇಲೆ ನನ್ನ ಹತ್ತಿರ ಮಾತಾಡಿ. ಅಲ್ಲಿ ಸ್ಪ್ಯಾನರ್ ಹುಡುಕಿದರೆ ಕೋಳಿಮೊಟ್ಟೆ ಸಿಗುತ್ತದೆ. ಕತ್ತಿ ಹುಡುಕಿದರೆ ಯಾವಾಗಲೋ ಕಾಣೆಯಾದ ನನ್ನ ಸಾರಿನ ಸೌಟು ಸಿಗುತ್ತದೆ, ಅದರ ತುಂಬ ಗ್ರೀಸು.

ಇವರ ಅಣ್ಣ ಸಾಂತಪ್ಪ ಬಾವ ಇದಕ್ಕೆ ತದ್ವಿರುದ್ಧ. ಕೆಳಗೆ ಹರಿಯುವ ತೋಡಿನ ಆಚೆ, ಎದುರಿನ ಗುಡ್ಡದ ಮೇಲೆ ಅವರ ಮನೆ. ಕೂಗಿದರೆ ಕೇಳುವಷ್ಟು ಹತ್ತಿರ, ರಸ್ತೆಯಲ್ಲಿ ಬಂದರೆ ಸುತ್ತು. ಅವರ ಮನೆಯಲ್ಲಿ ಮೊಳೆಗಳಿಗೂ ಬೇರೆ ಬೇರೆ ಡಬ್ಬಿ. ಅವರ ಹಳೇ ಜೀಪಿನ ಕಥೆಯಂತೂ ನಮ್ಮ ಕರಿಕೆ ಊರಿಗೆಲ್ಲ ಗೊತ್ತು. ನೆಲ ಚಪ್ಪಟೆ ಇದ್ದರೂ ಸರಿ, ಹ್ಯಾಂಡ್‌ಬ್ರೇಕ್ ಎಳೆದು, ಇಳಿದು, ಚಕ್ರಕ್ಕೆ ಕಲ್ಲು ಕೊಟ್ಟು, ಆ ಕಲ್ಲನ್ನು ಕಾಲಿನಿಂದ ಒಮ್ಮೆ ಒತ್ತಿ ನೋಡದೆ ಅವರು ಅತ್ತ ಇತ್ತ ಹೋಗುವವರಲ್ಲ. ಆ ಕಲ್ಲನ್ನು ಇಡಲಿಕ್ಕೆ ಜೀಪಿನ ಒಳಗೆ ಒಂದು ಗೋಣಿಚೀಲವೇ ಉಂಟು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು ಹೀಗೂ ಇರುತ್ತಾರಾ ಅಂತ ನನಗೆ ಇವತ್ತಿಗೂ ಆಶ್ಚರ್ಯ.

ಹೋದ ಮಳೆಗಾಲದಲ್ಲಿ ಇವರು ಬಾವನ ಹುಲ್ಲು ಹೊಡೆಯುವ ಮಿಷನ್ ಕೇಳಿ ತಂದರು. ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಹಾಕಬೇಕು ಅಂತ ಬಾವ ಹೇಳಿ ಕಳಿಸಿದ್ದರು. ಇವರು ತಲೆ ಆಡಿಸಿದರು, ಬೆರೆಸಲಿಲ್ಲ. ಅರ್ಧ ತೋಟ ಆಗುವಷ್ಟರಲ್ಲಿ ಇಂಜಿನ್ ಜಾಮ್. ಅದನ್ನು ಹೋಗಿ ಹೇಳುವುದಲ್ಲವಾ? ಮಿಷನ್ ತೊಳೆದು, ಒರೆಸಿ, ಯಾರೂ ಇಲ್ಲದ ಹೊತ್ತಿನಲ್ಲಿ ಅವರ ಜಗಲಿಯಲ್ಲಿಟ್ಟು ಬಂದುಬಿಟ್ಟರು, ಪುಣ್ಯಾತ್ಮರು.

ಮರುದಿನ ಬಾವ ನಮ್ಮ ಗೇಟಿನ ಹೊರಗೇ ನಿಂತು ಕೂಗಿದರು.

"ಮಿಷನ್ ಹಾಳಾದ್ದಕ್ಕಲ್ಲ ಕುಟ್ಟ. ಹೇಳದೆ ಕಳ್ಳನ ಹಾಗೆ ಇಟ್ಟು ಹೋದೆಯಲ್ಲ, ಅದಕ್ಕೆ. ಇನ್ನು ನಿನ್ನ ಅಂಗಳಕ್ಕೆ ನಾನು ಕಾಲಿಡೋದು ನಿನ್ನ ಹೆಣ ನೋಡ್ಲಿಕ್ಕೆ ಮಾತ್ರ!"

ಇವರಾದರೂ ಬಾಯಿ ಮುಚ್ಚಿಕೊಂಡಿದ್ದರಾ? "ಬರದಿದ್ರೆ ಬೇಡ, ಇಲ್ಲಿ ಯಾರೂ ಅಳ್ತಾ ಕೂತಿಲ್ಲ" ಅಂದರು. ಅಲ್ಲಿಗೆ ಮುಗಿಯಿತು.

ಮುಗಿಯಿತು ಅಂತ ಇವರಿಬ್ಬರೂ ಅಂದುಕೊಂಡರು, ನಡುವೆ ಸಿಕ್ಕಿಬಿದ್ದವಳು ನಾನು. ನಮ್ಮ ಮಗಳು ರಮ್ಯಳ ಮದುವೆ ಭಾನುವಾರಕ್ಕೆ ಗೊತ್ತಾಗಿತ್ತು. ಶನಿವಾರ ಮನೆಯಲ್ಲಿ ಚಪ್ಪರ. ನಮ್ಮ ಕುಟುಂಬದಲ್ಲಿ ಚಪ್ಪರದ ಮೊದಲ ಕಂಬವನ್ನು ಮನೆಯ ಹಿರಿಯರೇ ನೆಡಬೇಕು, ಹಿರಿಯರೆಂದರೆ ಸಾಂತಪ್ಪ ಬಾವ. ಅವರಿಗೆ ಮಕ್ಕಳಿಲ್ಲ, ರಮ್ಯಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು, ಆ ಜೀಪಿನಲ್ಲೇ ಅವಳಿಗೆ ಡ್ರೈವಿಂಗ್ ಕಲಿಸಿದವರು. ಅವಳೋ ನನ್ನ ಮಗಳೇ ತಾನೇ, ಹಟ ಎಲ್ಲಿಗೆ ಹೋಗುತ್ತದೆ? "ದೊಡ್ಡಪ್ಪ ಕಂಬ ನೆಡದಿದ್ರೆ ನಾನು ಆ ಚಪ್ಪರದ ಅಡಿಗೆ ಬರೋದಿಲ್ಲ ಅಮ್ಮ" ಅಂದುಬಿಟ್ಟಳು.

ನಾನೇ ಹೋಗಿ ಬಾವನನ್ನು ಕರೆದೆ. ಅವರ ಹೆಂಡತಿ ತುಳಸಿ ಅಕ್ಕ ಕಾಫಿ ಕೊಟ್ಟರು. ಬಾವ ತಲೆ ತಗ್ಗಿಸಿ ಕೂತಿದ್ದರು.

"ಮಾತು ಮಾತೇ ನೀಲಾವತಿ. ಮದುವೆ ದಿವಸ ಕಲ್ಯಾಣ ಮಂಟಪಕ್ಕೆ ಬಂದು ಅಕ್ಷತೆ ಹಾಕ್ತೇನೆ. ಅಂಗಳಕ್ಕೆ ಬರೋದಿಲ್ಲ."

ಒಂದು ಮಿಷನ್ನಿಗೋಸ್ಕರ ಹುಡುಗಿಯ ಮದುವೆಯನ್ನು ಹಾಳುಮಾಡುವ ಈ ಗಂಡಸರ ಮಾತಿಗೆ ಬೆಂಕಿ ಬೀಳಲಿ ಅನ್ನಿಸಿತು. ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಶುಕ್ರವಾರ ಬೆಳಿಗ್ಗೆ ನೋಡಿದರೆ ಇವರು ಗರಗಸ ಹಿಡಿದು ಅಂಗಳದಲ್ಲಿ ನಿಂತಿದ್ದರು. ಚಪ್ಪರಕ್ಕೆ ಅಡ್ಡವಾಗಿ ಹಲಸಿನ ಕೊಂಬೆಯೊಂದು ಚಾಚಿತ್ತು.

"ಮರ ಹತ್ತುವವರನ್ನು ಕರೀರಿ" ಅಂದೆ.

"ಒಂದು ಕೊಂಬೆಗೆ ಆಳು ಬೇಕಾ ನೀಲಾ? ನೀನು ಒಳಗೆ ಹೋಗು, ಅರ್ಧ ಗಂಟೆ ಕೆಲಸ."

ಈ ಅರ್ಧ ಗಂಟೆ ಅನ್ನುವ ಮಾತು ಕೇಳಿದರೆ ನನಗೆ ಚಳಿಜ್ವರ ಬರುತ್ತದೆ. ಒಳಗೆ ಹೋಗಿ ತೆಂಗಿನಕಾಯಿ ತುರಿಯಲು ಕೂತೆ. ಸ್ವಲ್ಪ ಹೊತ್ತಿಗೆ ಹೊರಗೆ ಲಟಕ್ ಅಂತು, ಹಿಂದೆಯೇ ಧಡ್ ಅಂತು, ಮನೆಯ ಫ್ಯಾನು ನಿಂತಿತು. ಓಡಿ ಬಂದು ನೋಡಿದರೆ, ಏನು ಹೇಳಲಿ, ಯಾವ ಕೊಂಬೆಯನ್ನು ಕೊಯ್ಯಬೇಕಿತ್ತೋ ಅದೇ ಕೊಂಬೆಗೆ ಏಣಿ ಒರಗಿಸಿ ಹತ್ತಿದ್ದಾರೆ! ಕೊಂಬೆ ಮುರಿಯಿತು, ಏಣಿ ಹೋಯಿತು, ಏಣಿಯ ಜೊತೆ ಇವರೂ ಹೋದರು. ಕೊಂಬೆ ಬೀಳುವಾಗ ಕರೆಂಟಿನ ವಯರನ್ನೂ ಎಳೆದುಕೊಂಡು ಬಿದ್ದಿತ್ತು. ಇವರು ಅದರಿಂದ ದೂರಕ್ಕೆ, ಗೊಬ್ಬರಕ್ಕೆ ಒಟ್ಟಿದ್ದ ಒಣಸೊಪ್ಪಿನ ಮೇಲೆ ಬಿದ್ದದ್ದರಿಂದ ಮೊಣಕೈ ತರಚಿದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಆ ದೇವರಿಗೂ ಇವರನ್ನು ಕಂಡರೆ ಸಲಿಗೆ.

ಅದೇ ಹೊತ್ತಿಗೆ ಪಕ್ಕದ ತೋಟದ ಧರ್ಮಪಾಲ ಹಾಲಿನ ಕ್ಯಾನ್ ಕಟ್ಟಿಕೊಂಡು ಸ್ಕೂಟರಿನಲ್ಲಿ ಬಂದ. ಗೇಟಿನಿಂದಲೇ ಇಣುಕಿದ. ಇವರು ಕಣ್ಣು ಮುಚ್ಚಿ ಅಂಗಾತ ಮಲಗಿದ್ದರು.

"ಎಂತ ಮಾರಾಯ್ರೆ, ಬಿದ್ರಾ?"

"ಇಲ್ಲ, ಮಲಗಿದ್ದಾರೆ, ನೀನು ಹೋಗು" ಅಂದೆ ಸಿಟ್ಟಿನಿಂದ. ಅವನು ಹೋದ. ಹೋದವನು ಡೈರಿಯಲ್ಲಿ ಕುಟ್ಟಪ್ಪಣ್ಣ ಏಣಿಯಿಂದ ಬಿದ್ದು ಕಣ್ಣು ಬಿಡುತ್ತಿಲ್ಲ ಅಂತ ಸಾರಿದ್ದು ಆಮೇಲೆ ಗೊತ್ತಾಯಿತು.

ನಮ್ಮಲ್ಲಿ ಟವರ್ ಸಿಗುವುದಿಲ್ಲ, ಕರೆಂಟು ಹೋದರೆ ಮನೆಯಲ್ಲಿ ವೈಫೈ ಇಲ್ಲ, ವೈಫೈ ಇಲ್ಲದಿದ್ದರೆ ಫೋನ್ ಇಲ್ಲ. ಮದುವೆಗೆ ಎರಡು ದಿನ ಇರುವಾಗ ಕತ್ತಲು ಮನೆ, ಸತ್ತ ಫೋನು. ಲೈನ್‌ಮ್ಯಾನನನ್ನು ಕರೆತರಲು ರಮ್ಯ ಸ್ಕೂಟಿಯಲ್ಲಿ ಹೋಗಬೇಕಾಯಿತು. ಇವರು ಸೊಂಟ ಹಿಡಿದುಕೊಂಡು ಬಂದು ಗೇಟಿಗೆ ಒರಗಿ ಸುಧಾರಿಸಿಕೊಂಡರು. ಆ ಗೇಟಿಗೆ ನಾನು ಬೆಳಿಗ್ಗೆಯಷ್ಟೇ ಹಸಿರು ಪೇಂಟ್ ಹೊಡೆದಿದ್ದೆ. ಬೆನ್ನ ತುಂಬ ಹಸಿರು ಪಟ್ಟಿ. ನನಗೆ ಬೈಯಲೂ ಶಕ್ತಿ ಇರಲಿಲ್ಲ.

"ಇನ್ನು ಯಾವುದನ್ನೂ ಮುಟ್ಟಬೇಡಿ, ನಿಮ್ಮ ದಮ್ಮಯ್ಯ" ಅಂತ ಕೈ ಮುಗಿದು ಒಳಗೆ ಹೋದೆ.

ಮುಟ್ಟದೆ ಇರುವವರಾ ಇವರು? ಮದುವೆಗೆಂದು ಶೆಡ್ಡಿನಲ್ಲಿ ಬಾಳೆಗೊನೆ ತೂಗುಹಾಕಿದ್ದೆವು. ಮಧ್ಯಾಹ್ನದ ಹೊತ್ತಿಗೆ ಮಂಗಗಳ ಹಿಂಡೇ ಬಂತು. ಮಂಗ ಓಡಿಸಲು ಇವರ ಹತ್ತಿರ ಪೈಪಿನ ಕೋವಿ ಒಂದಿತ್ತು. ಪಿವಿಸಿ ಪೈಪಿಗೆ ಚೂರು ಕಾರ್ಬೈಡ್ ಹಾಕಿ, ನೀರು ಹನಿಸಿ, ಹಿಂದಿನಿಂದ ಲೈಟರ್ ಒತ್ತಿದರೆ ಢಂ ಅನ್ನುತ್ತದೆ, ಗುಂಡು ಗಿಂಡು ಏನಿಲ್ಲ, ಬರೀ ಶಬ್ದ. ಒಂದು ಶಬ್ದಕ್ಕೆ ಮಂಗಗಳು ಹೆದರುವುದಿಲ್ಲ ಅಂತ ಇವರು ಹಿಂದಿನ ವಾರ ಶೆಡ್ಡಿನಲ್ಲಿ ಕೂತು ಅದಕ್ಕೆ ಇನ್ನೊಂದು ಪೈಪು ಜೋಡಿಸಿದ್ದು ನನಗೆ ಗೊತ್ತಿರಲಿಲ್ಲ.

ಅಡಿಗೆಮನೆಯಲ್ಲಿದ್ದೆ. ಢಂ. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು. ಮತ್ತೆ ಢಂ.

ನನ್ನ ಕೈ ಅಲ್ಲೇ ನಿಂತಿತು. ನಮ್ಮ ಕಡೆ ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಬೆನ್ನುಬೆನ್ನಿಗೆ ಎರಡು. ಅದನ್ನು ಕೇಳಿದ ಮೇಲೆ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ, ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡುತ್ತಾರೆ. ಅಯ್ಯೋ, ಮದುವೆ ಹೊತ್ತಿಗೆ ಯಾರಪ್ಪ ಹೋದರು ಅಂತ ಎದೆಗೆ ಕೈಯಿಟ್ಟೆ. ಮೇಲಿನ ಮನೆಯ ಅಜ್ಜನಾ? ಅಷ್ಟರಲ್ಲಿ ಶಬ್ದ ನಮ್ಮದೇ ಹಿತ್ತಲಿನಿಂದ ಬಂತಲ್ಲ ಅಂತ ಹೊಳೆಯಿತು.

ಹಿತ್ತಲಲ್ಲಿ ಇವರು ಮುಖವೆಲ್ಲ ಮಸಿ ಮಾಡಿಕೊಂಡು ಹಲ್ಲು ಬಿಡುತ್ತಿದ್ದರು.

"ಎರಡೂ ಹೊಡೀತು ನೀಲಾ!"

ಮಂಗಗಳು ಶೆಡ್ಡಿನ ತಗಡಿನ ಮೇಲೆ ಕೂತು ಆರಾಮಾಗಿ ಬಾಳೆಹಣ್ಣು ಸುಲಿಯುತ್ತಿದ್ದವು.

"ಎಷ್ಟು ಶಬ್ದ ಆಯ್ತು?" ಅಂತ ಕೇಳಿದೆ.

"ಎರಡು ಅಂತ ಹೇಳಿದೆನಲ್ಲ, ಎರ..." ಅಂದವರು ಅಲ್ಲಿಗೇ ನಿಂತರು. ಮಸಿಯ ಒಳಗೂ ಮುಖ ಬಿಳಿಚಿದ್ದು ಕಾಣಿಸಿತು.

"ಇನ್ನೊಂದು ಹೊಡೆದ್ರೆ? ಮೂರಾದ್ರೆ ಯಾರಿಗೂ ಅರ್ಥ ಆಗೋದಿಲ್ಲ."

ಲೈಟರ್ ಕಿತ್ತುಕೊಂಡೆ. "ಹೋಗಿ, ಮುಖ ತೊಳ್ಕೊಳ್ಳಿ! ಬಂದವರಿಗೆ ಮನುಷ್ಯರ ಹಾಗೆ ಕಾಣಿಸಿ!" ಅಂತ ಇವರನ್ನು ಬಚ್ಚಲಿಗೆ ಅಟ್ಟಿದೆ. ಫೋನ್ ಮಾಡಿ ಏನೂ ಆಗಿಲ್ಲ ಅಂತ ತಿಳಿಸೋಣವೆಂದರೆ ಫೋನಿಗೇ ಜೀವ ಇಲ್ಲ.

ಮೊದಲು ಬಂದವರು ಕೆಳಗಿನ ಮನೆಯ ವಿಮಲಮ್ಮ. ಬಿಳಿ ಸೀರೆ ಸುತ್ತಿಕೊಂಡೇ ಬಂದಿದ್ದರು. ಅಂಗಳಕ್ಕೆ ಕಾಲಿಟ್ಟವರೇ ಮುರಿದ ಏಣಿ ನೋಡಿದರು, ಬಿದ್ದ ಕೊಂಬೆ ನೋಡಿದರು, ನನ್ನನ್ನು ತಬ್ಬಿಕೊಂಡು ಶುರುಮಾಡಿದರು. "ಅಯ್ಯೋ ನೀಲಾವತೀ, ಮಗಳ ಮದುವೆ ನೋಡ್ಲಿಕ್ಕೂ ಪುಣ್ಯ ಇಲ್ಲದೆ ಹೋಯ್ತಲ್ಲಾ!"

"ವಿಮಲಮ್ಮ, ಕೇಳಿ, ಏನೂ ಆಗಲಿಲ್ಲ..."

"ಅಳು ಮಾರಾಯ್ತಿ, ಅಳು, ತಡೀಬೇಡ!"

ಅವರ ತೋಳಿನೊಳಗೆ ನನಗೆ ಉಸಿರು ಕಟ್ಟುತ್ತಿತ್ತು. ಆಗಲೇ ಕೆಳಗೆ ಜೀಪಿನ ಶಬ್ದ ಕೇಳಿಸಿತು. ನಮ್ಮ ತೋಟದ ಕೆರೆಯ ಮೇಲಿನ ತಿರುವಿನಲ್ಲಿ ನಿಂತಿತು. ಸಾಂತಪ್ಪ ಬಾವ ಏರಿನಲ್ಲಿ ಓಡುತ್ತಾ ಬಂದರು. ಕಾಲಲ್ಲಿ ಚಪ್ಪಲಿ ಇಲ್ಲ. ಅಂಗಿ ಒಳಮೈ ಹೊರಗಾಗಿ ಹಾಕಿಕೊಂಡಿದ್ದರು. ಅವರನ್ನು ಹಾಗೆ ಯಾವತ್ತೂ ನೋಡಿದವಳಲ್ಲ ನಾನು.

"ಎಂತ ಆತ್? ಎಂತ ಆತ್ ನೀಲಾವತಿ? ಕುಟ್ಟ ಎಲ್ಲಿ?"

ಹೇಳಬೇಕೆಂದು ಬಾಯಿ ತೆರೆದೆ, ವಿಮಲಮ್ಮನ ಅಳುವಿನಲ್ಲಿ ಅದು ಮುಳುಗಿತು. ಬಾವ ಮೆಟ್ಟಿಲಿನ ಮೇಲೆ ಕುಸಿದು ಕೂತರು.

"ಧರ್ಮಪಾಲ ಬೆಳಿಗ್ಗೆನೇ ಹೇಳಿದ, ಏಣಿಯಿಂದ ಬಿದ್ದಿದ್ದಾನೆ ಅಂತ. ಆವಾಗಲೇ ಜೀಪಿನ ಕೀ ಕೈಯಲ್ಲಿ ಹಿಡಿದೆ. ಮತ್ತೆ ಮೊಳೆಗೆ ತೂಗುಹಾಕಿದೆ. ಮಾತು ಮಾತು ಅಂತ ಕೂತೆ" ಅಂದರು. ಹಣೆ ಹಣೆ ಚಚ್ಚಿಕೊಂಡರು. "ಸಣ್ಣವನಿರುವಾಗಲೂ ಏಣಿ ಹಿಡ್ಕೊಳ್ತಾ ಇದ್ದದ್ದು ನಾನೇ. ಅವನಿಗೆ ಹಿಡ್ಕೊಳ್ಳುವವರು ಬೇಕು ಅಂತ ನನಗೆ ಗೊತ್ತಿತ್ತು."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಬಚ್ಚಲಿನ ಬಾಗಿಲು ಕಿರ್ ಅಂತು.

"ನೀಲಾ, ಸೋಪು ಎಲ್ಲಿಟ್ಟಿದ್ದಿ?"

ವಿಮಲಮ್ಮನ ಅಳು ಅರ್ಧಕ್ಕೇ ನಿಂತಿತು. ಬಾವ ಎದ್ದರು. ಮುಖದಿಂದ ಕರಿನೀರು ಇಳಿಯುತ್ತಿದ್ದ ತಮ್ಮನ ಹತ್ತಿರ ಹೋಗಿ ಮೊದಲು ಅವರ ಭುಜ ಮುಟ್ಟಿ ನೋಡಿದರು. ಕತ್ತು ಮುಟ್ಟಿದರು, ಕೈ ಮಡಚಿ ಬಿಚ್ಚಿ ನೋಡಿದರು.

"ಬದುಕಿದ್ದೀಯಾ?"

"ಇದ್ದೇನೆ ಅಣ್ಣ. ಮಂಗ ಓಡಿಸ್ತಾ ಇದ್ದೆ."

ಕೆನ್ನೆಗೆ ಬಿದ್ದ ಏಟು ಮೇಲಿನ ಮನೆಗೂ ಕೇಳಿಸಿರಬೇಕು. ಶೆಡ್ಡಿನ ಮೇಲಿದ್ದ ಮಂಗಗಳು ಈಗ ಓಡಿದವು.

ಬಾವ ಕೆಳಗೆ ತಮ್ಮದೇ ಬರಿಗಾಲು ನೋಡಿದರು, ಕಾಲಡಿಯ ಅಂಗಳ ನೋಡಿದರು. ಮುಖ ಮತ್ತೆ ಮೊದಲಿನ ಹಾಗೆ ಗಂಟಾಯಿತು.

"ಇದು ಲೆಕ್ಕಕ್ಕಿಲ್ಲ ನೀಲಾವತಿ. ನಾನು ಹೆಣ ನೋಡ್ಲಿಕ್ಕೆ ಬಂದದ್ದು" ಎಂದು ಗೇಟಿನ ಕಡೆಗೆ ತಿರುಗಿಬಿಟ್ಟರು.

ಲೈನ್‌ಮ್ಯಾನನನ್ನು ಕರೆಯಲು ಹೋಗಿದ್ದ ರಮ್ಯ ಆಗಷ್ಟೇ ಗೇಟಿನಲ್ಲಿ ಸ್ಕೂಟಿ ಇಳಿದಳು. ಅಳು ಬಂದವಳ ಹಾಗೆ ಅವಳ ಮುಖ.

"ದೊಡ್ಡಪ್ಪ, ನಿಮ್ಮ ಜೀಪು ಕೆರೆಯಲ್ಲಿ ಯಾಕುಂಟು?"

ಎಲ್ಲರೂ ಕೆಳಗೆ ಓಡಿದೆವು. ತಿರುವಿನಿಂದ ತಾನೇ ಉರುಳಿ ಹೋದ ಜೀಪು ಮೂತಿಯನ್ನು ಕೆರೆಯೊಳಗೆ ತೂರಿಸಿ, ಹಿಂದಿನ ಚಕ್ರಗಳನ್ನು ದಂಡೆಯ ಮೇಲಿಟ್ಟು ನಿಂತಿತ್ತು. ಡ್ರೈವರ್ ಕಡೆಯ ಬಾಗಿಲು ತೆರೆದೇ ಇತ್ತು. ಒಳಗೆ ಗೋಣಿಚೀಲದಲ್ಲಿ ಆ ಕಲ್ಲು, ಇಟ್ಟ ಹಾಗೇ ಕೂತಿತ್ತು.

ಮೊದಲು ಇವರೇ ಕೇಳಿದರು, ತೀರಾ ಸಣ್ಣ ದನಿಯಲ್ಲಿ.

"ಅಣ್ಣ, ಕಲ್ಲು ಕೊಡಲಿಲ್ವಾ?"

"ಇಲ್ಲ."

"ಹ್ಯಾಂಡ್‌ಬ್ರೇಕು?"

"ನೆನಪಾಗಲಿಲ್ಲ ಕುಟ್ಟ" ಅಂದರು ಬಾವ.

ಎಂತಹ ಏಟಿಗೂ ಅಳದ ನನ್ನ ಗಂಡ, ಬೆನ್ನಲ್ಲಿ ಹಸಿರು ಪಟ್ಟಿ, ಕೆನ್ನೆಯಲ್ಲಿ ಅಣ್ಣನ ಬೆರಳು, ದಂಡೆಯ ಮೇಲೆ ನಿಂತು ಮಗುವಿನ ಹಾಗೆ ಅತ್ತರು. "ಮಿಷನ್ ವಿಷಯ ಅವತ್ತೇ ಹೇಳಬೇಕಿತ್ತು ಅಣ್ಣ. ನೀನು ಬೈತೀಯ ಅಂತ ಹೆದರಿದೆ" ಅಂದರು. ಆಮೇಲೆ ಮೂಗು ಒರೆಸಿಕೊಂಡು, "ಇರು, ಶೆಡ್ಡಿನಲ್ಲಿ ಹಗ್ಗ ಉಂಟು. ನಾನೇ ಎಳೀತೇನೆ, ಅರ್ಧ ಗಂಟೆ ಕೆಲಸ" ಅಂತ ಹೊರಟರು.

"ಬೇಡ!" ಅಂತ ಬಾವನೂ ನಾನೂ ಒಟ್ಟಿಗೇ ಕಿರುಚಿದೆವು.

ಬಾವ ಇವರ ರಟ್ಟೆ ಹಿಡಿದು ನಿಲ್ಲಿಸಿದರು. ಹಿಡಿದ ಕೈ ಬಿಡಲಿಲ್ಲ.

"ನೀನು ಅದಕ್ಕೆ ಕೈ ಹಾಕಿದ್ರೆ ನಿಜವಾಗಿ ಎರಡು ಗುಂಡು ಹೊಡೀಬೇಕಾಗ್ತದೆ. ಅಲ್ಲೇ ಇರಲಿ ಅದು. ಬೆಳಿಗ್ಗೆ ನಾನೇ ಬರ್ತೇನೆ" ಅಂದರು. ರಮ್ಯಳ ಕಡೆ ನೋಡದೆ ಕೇಳಿದರು. "ಆ ಚಪ್ಪರದ ಕಂಬಕ್ಕೆ ಗುಂಡಿ ತೋಡಿದವರು ಯಾರು? ಇವನಾ?"

"ಅಪ್ಪನೇ" ಅಂದಳು ರಮ್ಯ.

"ಹಾಗಾದ್ರೆ ಬೇಗನೇ ಬರಬೇಕು" ಅಂದರು ಬಾವ.