ಕಂಕುಳ ಹೊಲಿಗೆ

ಎರಡೂ ಕೈ ಎತ್ತಿ ಸ್ತೋತ್ರ ಹೇಳುವುದು ಕಿರಿಸೊಸೆಯ ರೂಢಿ. ಚರ್ಚಿನ ಭಾನುವಾರದ ಆರಾಧನೆಯಲ್ಲಿ ಸಭಾಪಾಲಕರು, ದೇವರ ಉಪಕಾರಕ್ಕೆ ಸಾಕ್ಷಿ ಹೇಳುವವರಿದ್ದೀರಾ ಎಂದು ಕೇಳಿ ಮುಗಿಸುವಷ್ಟರಲ್ಲಿ ಅವಳು ಎದ್ದಿರುತ್ತಿದ್ದಳು. ಗಂಡನ ಕೆಲಸ ಹೋದ ವಾರವೂ ಎದ್ದಳು. ಬಿಸಿಬಿಸಿ ಉಣ್ಣಲು ಮಧ್ಯಾಹ್ನವೂ ಮನೆಯಲ್ಲಿರುವ ಗಂಡನಿಗಾಗಿ ಸ್ತೋತ್ರ ಎಂದಳು. ಜನ ನಕ್ಕರು, ಗಂಡನೂ ನಕ್ಕ.

ಪಕ್ಕದಲ್ಲಿ ಕೂತ ಹಿರಿಸೊಸೆಗೆ ಮಾತ್ರ ಹೊಟ್ಟೆಯಲ್ಲಿ ಕೆಂಡ. ಓರಗಿತ್ತಿಗೇನು ಬಂಗಲೆಯೇ, ಬಂಗಾರವೇ? ಇಬ್ಬರಿಗೂ ಒಂದೇ ಮನೆ, ಒಂದೇ ಸೋರುವ ನಲ್ಲಿ, ಒಬ್ಬಳೇ ಅತ್ತೆ. ಉಳ್ಳವರನ್ನು ಕಂಡು ಕರುಬಿದರೆ ಮನಸ್ಸಿಗೆ ಏನಾದರೂ ಸಮಾಧಾನ ಹೇಳಬಹುದು. ಏನೂ ಇಲ್ಲದೆ ಸಂತೋಷವಾಗಿರುವವಳನ್ನು ಸಹಿಸುವುದು ಹೇಗೆ? ಹಿರಿಯವಳೂ ಪ್ರಯತ್ನಿಸಿದ್ದಳು. ಬೆಳಿಗ್ಗೆ ಕಣ್ಣು ಮುಚ್ಚಿ ದೇವರಿಗೆ ಕೃತಜ್ಞತೆ ಹೇಳತೊಡಗಿದರೆ ಅದು ಅರ್ಧದಲ್ಲೇ ದೂರಿನತ್ತ ತಿರುಗುತ್ತಿತ್ತು. ಚಿಕ್ಕವಳು ಬಂದ ಮೇಲೆ ಮನೆಗೆ ಬೆಳಕು ಬಂತು ಎಂದು ಅತ್ತೆ ಯಾರಿಗೋ ಹೇಳಿದ್ದು ಕಿವಿಗೆ ಬಿದ್ದ ದಿನ ಅದನ್ನೂ ಬಿಟ್ಟಳು. ಹಾಗಾದರೆ ಇಷ್ಟು ವರ್ಷ ಮನೆಯಲ್ಲಿದ್ದ ತಾನು ಕತ್ತಲೆಯೇ?

ಹಿರಿಯವಳ ಕಸುಬು ಹೊಲಿಗೆ. ಬೀದಿಬದಿಯ ಕೋಣೆಯೇ ಅಂಗಡಿ. ಕಿರಿಯವಳು ನೀಲಿ ಬಟ್ಟೆ ತಂದು, ಭಾನುವಾರಕ್ಕೊಂದು ಗೌನು ಹೊಲಿದುಕೊಡಿ ಎಂದಾಗ ಇಲ್ಲವೆನ್ನಲಾಗಲಿಲ್ಲ. ಹೊಲಿಗೆ ಬಲಗೈಯ ಕಂಕುಳಿಗೆ ಬಂದಾಗ ಮಷಿನ್ನು ನಿಲ್ಲಿಸಿದಳು. ಅಲ್ಲಿದ್ದದ್ದು ಕಚ್ಚಾ ಹೊಲಿಗೆ ಮಾತ್ರ. ಕೈ ಎತ್ತಿದರೆ ಬಿಚ್ಚಿಕೊಳ್ಳುವಂಥದ್ದು. ಎತ್ತಲಿ, ಸಭೆಯೆಲ್ಲ ನೋಡಲಿ. ಹಾಗೆಯೇ ಇಸ್ತ್ರಿ ಮಾಡಿ ಕೊಟ್ಟಳು.

ಭಾನುವಾರ ಕಿರಿಯವಳು ಎದ್ದಳು. ಹಿರಿಯವಳ ಕಣ್ಣು ಕಂಕುಳ ಮೇಲೆ. ಆದರೆ ಕೈಗಳು ಮೇಲೇಳಲಿಲ್ಲ. ಸೊಂಟದ ಬಳಿ ಜೋಡಿಸಿಕೊಂಡೇ, ಮೈಮೇಲಿನ ಹೊಸ ಬಟ್ಟೆಗಾಗಿ, ಅದನ್ನು ಹೊಲಿದ ಅಕ್ಕನಿಗಾಗಿ ಸ್ತೋತ್ರ ಎಂದಳು. ಜನ ಹಿರಿಯವಳತ್ತ ತಿರುಗಿ ತಲೆದೂಗಿದರು. ಅವಳ ಮುಖ ಸುಟ್ಟಂತಾಯಿತು. ಇದನ್ನೂ ಇವಳೇ ಗೆದ್ದಳಲ್ಲ.

ಕೂತ ಮೇಲೆ ಕಿರಿಯವಳು ಮೆಲ್ಲಗೆ ಹೇಳಿದಳು: "ಕಂಕುಳಲ್ಲಿ ಹೊಲಿಗೆ ಕೂತಿಲ್ಲ ಅಕ್ಕ. ಬಿಚ್ಕೊಂಡ್ರೆ ನಿಮ್ಮ ಅಂಗಡಿಗೆ ಕೆಟ್ಟ ಹೆಸರು. ಅದಕ್ಕೇ ಕೈ ಎತ್ತಲಿಲ್ಲ."

ಮರೆತೆ ಎಂದುಬಿಟ್ಟರೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಯವರೆಗೂ ಬಂದು ನಿಂತಿತು.

"ಮರೆತಿದ್ದಲ್ಲ ಅದು."

"ಗೊತ್ತು. ಮರೆಯೋ ಕೈ ಅಲ್ಲ ನಿಮ್ದು."

ಗೊತ್ತಿದ್ದೂ ಎದ್ದು ನಿಂತು ತನಗಾಗಿ ಸ್ತೋತ್ರ ಹೇಳಿದಳೇ? ಹಿರಿಯವಳು ವಾರೆಗಣ್ಣಿನಿಂದ ನೋಡಿದಳು. ಮಡಿಲಲ್ಲಿ ಜೋಡಿಸಿದ ಬೆರಳುಗಳು ಬಿಳಿಚುವಷ್ಟು ಬಿಗಿಯಾಗಿದ್ದವು. ಸ್ತೋತ್ರ ಇವಳಿಗೂ ಸಲೀಸಾಗಿ ಬರುವುದಿಲ್ಲ. ಇಷ್ಟು ದಿನ ಅದು ಕಂಡಿರಲಿಲ್ಲ.

ಆರಾಧನೆ ಮುಗಿದು ಬೆಂಚುಗಳು ಖಾಲಿಯಾದವು. ತನ್ನ ಕಾಲರಿನ ಒಳಗೆ ನೂಲುಸಮೇತ ಸದಾ ಚುಚ್ಚಿಕೊಂಡಿರುವ ಸೂಜಿಯನ್ನು ಹಿರಿಯವಳು ಹೊರತೆಗೆದಳು.

"ಕೈ ಎತ್ತು."

ಕಿರಿಯವಳು ಎತ್ತಿದಳು. "ಚುಚ್ಚಬೇಡಿ ಮತ್ತೆ."

ಹೊಟ್ಟೆಯ ಕೆಂಡ ಇನ್ನೂ ಆರಿರಲಿಲ್ಲ. ಆದರೂ ಹಿರಿಯವಳು ಬಗ್ಗಿ, ಎಷ್ಟು ಎತ್ತರಕ್ಕೆ ಕೈ ಎತ್ತಿದರೂ ಬಿಚ್ಚದ ಹಾಗೆ, ಒತ್ತೊತ್ತಾಗಿ ಹೊಲಿಯತೊಡಗಿದಳು.